ಮೋನಮ್ಮ ಹೊಯ್ದ ಗುಂಡು

ಸೀಸ ಕರಗಿಸುವುದು ಯಾರಿಗಾದರೂ ಬರುತ್ತದೆ, ಒಲೆಯೊಂದಿದ್ದರೆ ಆಯಿತು. ಕರಗಿದ ಸೀಸ ಯಾವ ಗಳಿಗೆಗೆ ಅಚ್ಚಿನೊಳಗೆ ಇಳಿಯಬೇಕೆಂಬುದು ಮಾತ್ರ ನೂರರಲ್ಲಿ ಒಬ್ಬರಿಗೆ ತಿಳಿದರೆ ಹೆಚ್ಚು. ಮನೂರಿನ ಕುರುಬರ ಮೋನಮ್ಮನಿಗೆ ತಿಳಿದಿತ್ತು. ಅದನ್ನು ಆಕೆ ಯಾವ ಮದರಸಾದಲ್ಲೂ ಕಲಿತದ್ದಲ್ಲ. ನಾನೂ ಸಾಲಿ ಮೆಟ್ಟಿಲು ಹತ್ತಿದವನಲ್ಲ. ಅದಕ್ಕೇ ಆಕೆಯ ವಿದ್ಯೆಯ ತೂಕ ನನಗೆ ಗೊತ್ತು.

ನಿಜಾಮನ ರಾಜ್ಯ ಇನ್ನೂ ಗಟ್ಟಿಯಾಗಿದ್ದ ಕಾಲ, ದೊಡ್ಡ ಲಡಾಯಿ ನಡೆದಿದ್ದ ವರ್ಷಗಳು. ನಾರಾಯಣಖೇಡದ ಕಡೆಯ ಒಬ್ಬ ಜಾಗೀರದಾರರ ಹತ್ತಿರ ವಿಲಾಯತಿ ರಿವಾಲ್ವರ್ ಇತ್ತು. ಕಿರುಬೆರಳು ಹೊಗುವಷ್ಟು ಅಗಲ ಬಾಯಿ. ಗಾಯಗೊಂಡ ಹಂದಿ ಮೈಮೇಲೆ ಬಂದರೆ ಒಂದೇ ಗುಂಡಿಗೆ ಮಲಗಿಸುವಂಥದು. ಲಡಾಯಿಯಿಂದಾಗಿ ಹೈದರಾಬಾದಿನಿಂದ ತೋಟಾ, ಅಂದರೆ ಮದ್ದು ಗುಂಡು ತುಂಬಿದ ಹಿತ್ತಾಳೆ ಕೊಳವೆ, ಬರುವುದು ನಿಂತಿತು. ಜಾಗೀರದಾರರ ಕೋಟೆಮನೆಯಾದ ಗಢಿಯ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದ ನಾಮದೇವ ಖಾಲಿ ತೋಟಾಗಳನ್ನು ಕೂಡಿಟ್ಟು ಹೊಸದಾಗಿ ಮದ್ದು ತುಂಬತೊಡಗಿದ. ಗುಂಡು ಹೊಯ್ದು ಕೊಡುವ ಕೆಲಸ ಮೋನಮ್ಮನ ಗಂಡ ಪೀರಪ್ಪನಿಗೆ ಬಂತು. ಕಾಲು ಮುರಿದು ಕುರಿ ಹಿಂದೆ ತಿರುಗಲಾರದೆ ಕುಂತವನಿಗೆ ಅದೊಂದು ಆಧಾರ. ಎರಡನೇ ವರ್ಷ ಚಳಿಜ್ವರ ಬಂದು ಪೀರಪ್ಪ ಹೋದ.

ಒಲೆಯ ಮುಂದೆ ಕುಂತು ಸೀಸದ ಹದ ನೋಡುತ್ತಿದ್ದವಳು ಮೊದಲಿನಿಂದಲೂ ಮೋನಮ್ಮನೇ. ಆದರೆ ಬೇಟೆಗೆ ಹಂದಿ ಎಬ್ಬಿಸುವ ಮಂದಿ, "ಗಂಡ ಸತ್ತಾಕಿ ಕೈಯಾನ ಗುಂಡು ಇದ್ರ ನಾವು ಅಡವಿಗೆ ಕಾಲಿಡೂದಿಲ್ಲ" ಅಂದುಬಿಟ್ಟರು. ಆಗ ಮೈದುನ ಮರೆಪ್ಪ ಮುಂದೆ ಬಂದ. ಹೊಯ್ಯುವವಳು ಇವಳು, ಹೆಸರು ಅವನದು. ಜಹೀರಾಬಾದ್ ಸ್ಟೇಶನ್ನಿನಲ್ಲಿ ಗೂಡ್ಸ್ ಡಬ್ಬಿಗಳಿಂದ ಕಿತ್ತೊಗೆದ ಸೀಸದ ಮುದ್ರೆಗಳನ್ನು ಆತ ಹೊತ್ತು ತರುತ್ತಿದ್ದ. ತಯಾರಾದ ಗುಂಡುಗಳನ್ನು ಗಢಿಗೆ ಒಯ್ಯುತ್ತಿದ್ದ. ಗಢಿಯ ಜೋಳ ಮರೆಪ್ಪನ ಮನೆಗೆ ಬರುತ್ತಿತ್ತು. ಮೋನಮ್ಮ ಅಲ್ಲೇ ಉಣ್ಣುತ್ತಿದ್ದಳು.

ಉಡಿಕೆ ಮಾಡಿಕೊಂಡು ಮತ್ತೊಬ್ಬನ ಮನೆ ಸೇರು ಎಂದು ಕುಲದವರು ಎರಡು ಸಲ ಹೇಳಿಸಿದರು. ಒಲ್ಲೆ ಅಂದಳು. ಮೂರನೇ ಸಲ ಯಾರೂ ಕೇಳಲಿಲ್ಲ. ಆಮೇಲೆ ಬೇರೆ ಮಾತೂ ಕೇಳಲಿಲ್ಲ. ಕುರಿಹಟ್ಟಿಯ ಆಚೆಯ ಗುಡಿಸಲಲ್ಲಿ ಆಕೆ, ಒಲೆ, ಅಚ್ಚು. ದಿನಕ್ಕೆ ನಾಲ್ಕು ಮಾತಾಡುತ್ತಿದ್ದವಳು ಮರೆಪ್ಪನ ಹೆಂಡತಿ ಲಕ್ಷ್ಮಿಬಾಯಿ ಒಬ್ಬಳೇ.

ಆಕೆಯ ಕೆಲಸ ನೋಡಬೇಕಿತ್ತು. ಅಚ್ಚನ್ನು ಮೊದಲು ಔಡಲೆಣ್ಣೆ ದೀಪದ ಮಸಿಗೆ ಹಿಡಿಯುತ್ತಿದ್ದಳು. ಸೀಸಕ್ಕೆ ಕಲಾಯಿಯವರ ತವರ ಚೂರು ಹಾಕಿ, ಜೋಳದ ದಂಟಿನ ಸಿಬಿರು ಅದ್ದುವಳು. ಸಿಬಿರು ಹಳದಿಯಾಗೇ ಉಳಿದರೆ ಇನ್ನೂ ತಡಿ, ಕರ್ರಗಾದರೆ ಉರಿ ಎಳೆ, ಕಂದು ಬಣ್ಣ ಬಂದರೆ ಹೊಯ್ಯಿ. ಅಚ್ಚು ಕಾಯುವ ತನಕ ಹೊಯ್ದ ಮೊದಲಿನ ಐದಾರು ಗುಂಡು ಮುದುಕಿಯ ಕೆನ್ನೆಯಂತೆ ಸುಕ್ಕಾಗಿರುತ್ತಿದ್ದವು. ಅವು ಮತ್ತೆ ಗಡಿಗೆಗೇ. ಒಳ್ಳೆಯವು ಕಂಬಳಿಯ ಮೇಲೆ ಬೀಳಬೇಕು, ಇಲ್ಲವಾದರೆ ಬಿಸಿ ಸೀಸ ಜಜ್ಜುತ್ತದೆ. ಆರಿದ ಮೇಲೆ ಒಂದೊಂದನ್ನೂ ಪೀರಪ್ಪ ಮಾಡಿಟ್ಟ ಕಬ್ಬಿಣದ ಉಂಗುರದಲ್ಲಿ ತೂರಿಸುವಳು. ಹೆಬ್ಬೆರಳಿನಿಂದ ಒತ್ತಿದರೆ ಬಿಗಿಯಾಗಿ ದಾಟಬೇಕು. ತಾನಾಗಿ ಉದುರಿದರೆ ಅದು ಸಣ್ಣದು, ಒತ್ತಿದರೂ ಹೋಗದಿದ್ದರೆ ದಪ್ಪ. ಕೊನೆಗೆ ಜೇನುಮೇಣ, ಕುರಿಕೊಬ್ಬು ಕಲಸಿ ಗುಂಡಿನ ನಡುವಿನ ಗೀರಿಗೆ ತುಂಬಿದರೆ ಕೆಲಸ ಮುಗಿಯಿತು.

ಗಢಿಯ ಹಿಂದಿನ ಮಣ್ಣುದಿಬ್ಬದ ಕಡೆ ಢಂ ಅಂದಾಗ ಆಕೆ ಕೈ ನಿಲ್ಲಿಸಿ ಕೇಳುತ್ತಿದ್ದಳು. ಸಂಜೆಗೆ ಮರೆಪ್ಪನನ್ನು, "ಹ್ಯಾಂಗ ಬಿದ್ದವು?" ಅಂತ ಕೇಳಿದರೆ ಆತ, "ಬಿದ್ದವು ಅಂದ್ರ ಬಿದ್ದವು" ಅಂದು ರೊಟ್ಟಿ ಮುರಿಯುತ್ತಿದ್ದ.

ಒಂದು ವರ್ಷ ದಸರೆಯ ಮುಂದೆ ಹೈದರಾಬಾದಿನಿಂದ ಮೆಹಮಾನರು ಬಂದರು. ಅವರ ಮುಂದೆ ಜಾಗೀರದಾರರು ಬೇವಿನ ಹಲಗೆಗೆ ಆರು ಗುಂಡು ಹೊಡೆದರು. ಎರಡು ಹಲಗೆಗೇ ತಾಗಲಿಲ್ಲ. ತಾಗಿದ ನಾಲ್ಕೂ ದಿಕ್ಕಿಗೊಂದು, ತೂತುಗಳು ಸೌತೆಬೀಜದಂತೆ ಉದ್ದ. ಮೆಹಮಾನರು ನಕ್ಕರು. "ನಾಳೆ ನನ್ನ ಕಣ್ಣ ಮುಂದೆ ಹೊಯ್ಯಬೇಕು. ಸರಿಯಾಗಿ ಬರಲಿಲ್ಲ ಅಂದರೆ ಜಾಗೀರು ಬಿಟ್ಟು ಹೊರಡು" ಎಂದು ಮರೆಪ್ಪನಿಗೆ ಹುಕುಂ ಆಯಿತು.

ಮರೆಪ್ಪ ಓಡಿ ಬಂದು, ಉಳಿದಿದ್ದ ಒಂದು ಗುಂಡು ಅತ್ತಿಗೆಯ ಮುಂದಿಟ್ಟ. ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಇದೇನು ಮಾಡಿದಿ ಇದಕ್ಕ?"

"ಹುಣಸಿಹುಳಿ ಹಚ್ಚಿ ಇಟ್ಟಂಗಿ ಪುಡಿಲೆ ತಿಕ್ಕೀನಿ. ದಸರಿಗೆ ಹತಾರ ತಿಕ್ಕೂದಿಲ್ಲೇನು? ಮಂದಿ ಮುಂದ ಮಬ್ಬಾಗಿದ್ದ ಗುಂಡು ಹ್ಯಾಂಗ ಒಯ್ಯಲಿ?"

ಮೋನಮ್ಮ ಅದನ್ನು ಉಂಗುರದೊಳಗೆ ಬಿಟ್ಟಳು. ಒತ್ತುವ ಮೊದಲೇ ಟಣ್ಣೆಂದು ಕೆಳಗೆ ಬಿತ್ತು.

"ಪಾತ್ರಿ ತಿಕ್ಕಿದಂಗ ತಿಕ್ಕಿದೆಲ್ಲೊ! ರಿವಾಲ್ವರಿನ ನಳಗಿಯೊಳಗ ಸುತ್ತು ಹಾಕ್ಕೊಂಡು ಗೀರು ಅದಾವು, ಅದಕ್ಕ ಗುಂಡು ಕಚ್ಚಬೇಕು. ನೀ ಮೈ ಸವಿಸೀದಿ. ಕಚ್ಚದೆ ಪಲ್ಟಿ ಹೊಡಕೋತ ಹೋಗ್ಯಾವ."

"ಆತು, ತಪ್ಪಾತು. ನಾಳೆ ಏನು ಮಾಡ್ಲಿ? ನಿನ್ನ ಹತ್ರ ತಿಕ್ಕಲಾರದವು ಅದಾವಲ್ಲ, ಅವೇ ಕೊಡು. ಹೊಯ್ದಂಗ ಮಾಡಿ ಧೋತರದಾಗಿನವು ತೆಗೆದು ಕೊಡ್ತೀನಿ."

ಆಕೆ ಹನ್ನೆರಡು ಗುಂಡು ಎಣಿಸಿ ಅರಿವೆಯಲ್ಲಿ ಕಟ್ಟಿ ಕೊಟ್ಟಳು. ತಿಕ್ಕಿದ ಆ ಒಂದನ್ನು ಮಾತ್ರ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮರುದಿನ ಗಢಿಯ ಅಂಗಳದಲ್ಲಿ ಮರೆಪ್ಪ ಒಲೆ ಹಚ್ಚಿದ. ಹಿಂದಿನ ಗ್ವಾಡಿಗೆ ಆತುಕೊಂಡು ಮೋನಮ್ಮ ನಿಂತಿದ್ದಳು. ನಾಮದೇವ ಚುಚ್ಚಿದ: "ಏ ಮರೆಪ್ಪ, ನಿನ್ನೆ ನೀ ಕೊಟ್ಟಿದ್ದು ಗುಂಡೋ ಬದನಿಕಾಯೋ?" ಮಂದಿ ನಕ್ಕರು. ಹೊಗೆಯ ಮರೆಯಲ್ಲಿ ಮರೆಪ್ಪ ಗುಂಡು ಬದಲು ಮಾಡಿದ್ದು ಯಾರಿಗೂ ಕಾಣಲಿಲ್ಲ. ನಾಮದೇವ ಅವನ್ನು ತೋಟಾಕ್ಕೆ ಕೂಡಿಸಿದ. ಜಾಗೀರದಾರರು ಐದು ಹೊಡೆದರು. ಐದೂ ತೂತು ದುಂಡಗೆ, ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ.

"ಶಾಬಾಶ್! ಹಾಗಾದರೆ ನಿನ್ನೆ ಏನಾಗಿತ್ತು?"

ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಮರೆಪ್ಪನ ನಾಲಿಗೆ ಹೊರಳಿತು. "ನಿನ್ನೀವು ನಾ ಹೊಯ್ದದ್ದಲ್ಲ ಸರ್ಕಾರ್. ಅವನ್ನ ಹೊಯ್ಯೂವಾಗ ನಾ ಊರಾಗ ಇರಲಿಲ್ಲ, ನಮ್ಮ ಅತ್ತಿಗಿ ಕೈ ಹಾಕಿದ್ಳು. ಗಂಡ ಸತ್ತಾಕಿ ಕೈ, ಅದಕ್ಕ ಹಂಗಾತು."

ಬೇಟೆಯ ಮಂದಿ ಹೌದೌದು ಅಂದರು.

ಮೋನಮ್ಮ ಗ್ವಾಡಿ ಬಿಟ್ಟು ನಡೆದು ಬಂದಳು. ಹೆಸರು ಅವನದಾಗಿದ್ದರೆ ಆಕೆಗೆ ಸಂಕಟವಿರಲಿಲ್ಲ. ತಾನು ಹೊಯ್ದ ಗುಂಡು ಕೆಟ್ಟದ್ದು ಅನ್ನುವ ಮಾತನ್ನು ತಡೆಯಲಾಗಲಿಲ್ಲ.

"ನಿನ್ನೀವೂ ನನ್ನವೇರಿ, ಇವತ್ತಿನವೂ ನನ್ನವೇರಿ. ಅಚ್ಚಿನಿಂದ ಬಿದ್ದಾಗ ಎರಡೂ ಒಂದೇ. ನಿನ್ನೀವು ಹುಳಿ ಹಚ್ಚಿ ತಿಕ್ಕಿದವು." ಸೆರಗು ಬಿಚ್ಚಿ ಹೊಳೆಯುವ ಗುಂಡು ಮುಂದೆ ಮಾಡಿದಳು. "ಇದೊಂದು ಹೊಡೀರಿ, ಸರ್ಕಾರ್." ನಾಮದೇವ ಅದನ್ನು ತೋಟಾಕ್ಕೆ ಕೂಡಿಸಿ ಕೊಟ್ಟ.

ಹೊಡೆದರು. ಹಲಗೆಯ ಮೂಲೆಯಲ್ಲಿ ಸೌತೆಬೀಜ ಮೂಡಿತು. ಆಮೇಲೆ ಆಕೆ ಒಲೆಯ ಮುಂದೆ ಕುಂತು, ಅಚ್ಚು ಕಾಯಿಸಿ, ಸಿಬಿರು ಅದ್ದಿ, ಎಲ್ಲರೂ ನೋಡುವಂತೆ ಆರು ಗುಂಡು ಹೊಯ್ದಳು. ಹೊಡೆದಾಗ ಹಲಗೆಯಲ್ಲಿ ಆರೂ ತೂತು ದುಂಡಗೆ ಬಿದ್ದವು. ಇನ್ನು ಮುಂದೆ ಕೆಲಸ ಆಕೆಯ ಹೆಸರಲ್ಲೇ ನಡೆಯಲಿ ಎಂದು ಜಾಗೀರದಾರರು ಹೇಳಿ ಒಳಗೆ ಹೋದರು. ಬೇಟೆಯ ಮಂದಿ ಎದುರು ಆಡಲಿಲ್ಲ. ಆಕೆ ಹೊರಟಾಗ ದಾರಿ ಬಿಟ್ಟು ಅಷ್ಟು ದೂರ ಸರಿದು ನಿಂತರು.

ಮರೆಪ್ಪನನ್ನು ಜಾಗೀರಿನಿಂದ ಹೊರಗೆ ಹಾಕಲಿಲ್ಲ. ಆದರೆ ಊರ ಬಾಯಿ ಅವನನ್ನು ಇರಗೊಡಲಿಲ್ಲ. "ಕೈಗೆ ಬಳಿ ಇಟ್ಕೋಪ್ಪಾ ಮರೆಪ್ಪ, ಅತ್ತಿಗಿ ಜೋಡಿ ಸೀಸ ಕಾಸಾಕ ಕೂಡು" ಅಂತ ಬಾವಿಕಟ್ಟೆಯಲ್ಲಿ ಕಾಡಿದರು. ದೀಪಾವಳಿ ಕಳೆದ ಮೇಲೆ ತಾಂಡೂರಿನ ಕಲ್ಲುಖಣಿಗೆ ಹೊರಟ. ಮೋನಮ್ಮ ಅಂಗಳಕ್ಕೆ ಹೋಗಿ ನಿಂತಳು.

"ತಿಕ್ಕಿದ ಏಳು ಗುಂಡಿನ ಸಲುವಾಗಿ ಮೈದುನನ್ನ ಮಂದ್ಯಾಗ ಬತ್ತಲೆ ಮಾಡಿದಿ" ಅಂದ.

"ನೀ ತಪ್ಪು ನನ್ನ ಕೈ ಮ್ಯಾಲೆ ಹಾಕಿದಿ."

"ಹಾಕಿದೆ. ಆ ಕೈ ಜೋಡಿನೇ ಮಾತಾಡ್ಕೋತ ಇರು ಇನ್ನ."

ಲಕ್ಷ್ಮಿಬಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಅವನ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ.

ಜೋಳ ಈಗ ಮೋನಮ್ಮನ ಗುಡಿಸಲಿಗೇ ಬರುತ್ತಿತ್ತು. ಗುಂಡು ಒಯ್ಯಲು ಬರುವ ಆಳು ಬಾಗಿಲ ಹೊರಗೆ ಚೀಲವಿಟ್ಟು ಕೆಮ್ಮಿ ಹಿಂದೆ ಸರಿಯುತ್ತಿದ್ದ. ಆಕೆ ತುಂಬಿಟ್ಟು ಒಳಗೆ ಹೋದ ಮೇಲೆ ಎತ್ತಿಕೊಳ್ಳುತ್ತಿದ್ದ. ನಾಮದೇವ ಮಾತ್ರ ಆಗಾಗ ಹಾದಿಯಲ್ಲಿ ಸಿಕ್ಕರೆ, "ಛಲೋ ಬಿದ್ದಾವ" ಅನ್ನುತ್ತಿದ್ದ. ಅಷ್ಟೇ. ಎಷ್ಟೋ ವಾರ ಆಕೆ ಕೇಳಿದ್ದು ಆ ಎರಡೇ ಮಾತು.

ಬೇಸಿಗೆಯಲ್ಲಿ ಸೀಸ ತೀರಿತು. ತರುವವರು ಯಾರು? ತಾನೇ ಜಹೀರಾಬಾದಿಗೆ ಎರಡು ದಿನ ನಡೆದಳು. ಸ್ಟೇಶನ್ನಿನ ಹಮಾಲ ಪೋಚಪ್ಪ ಮುದ್ರೆಗಳನ್ನು ಗೋಣಿಗೆ ಸುರಿಯುತ್ತ ಕೇಳಿದ, "ಮರೆಪ್ಪ ಯಾಕ ಬಂದಿಲ್ಲ?"

"ತಾಂಡೂರಿಗೆ ಹೋಗ್ಯಾನ."

"ಹಂಗಾರ ನಿಂತದ ನೋಡು ಗಾಡಿ. ವಿಕಾರಾಬಾದಿನಾಗ ಇಳಿದು ಬ್ಯಾರೆ ಗಾಡಿ ಹತ್ತಿದ್ರ ತಾಂಡೂರು. ಗಾರ್ಡ್ ನಮ್ಮಾವ, ಕೂಡಸ್ತೀನಿ. ಹೋಗಿ ಮೈದುನನ್ನ ಕರ್ಕೊಂಡು ಬಾ."

ಮೋನಮ್ಮ ಡಬ್ಬಿಯ ಹಿಡಿಕೆಗೆ ಕೈ ಹಾಕಿದಳು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಲಕ್ಷ್ಮಿಬಾಯಿಯ ಮುಂದೆ ನಿಂತು ಏನು ಹೇಳುವುದು? ತಪ್ಪಾಯಿತು ಅನ್ನಬೇಕು, ಅದೊಂದು ಮಾತಿಗೆ ಅವರು ಬಂದಾರು. ಬಾಯಲ್ಲಿ ಆ ಮಾತನ್ನು ಕೂಡಿಸಿ ನೋಡಿದಳು. ಕೂಡಲಿಲ್ಲ. ಆ ಗುಂಡುಗಳಲ್ಲಿ ತಪ್ಪಿರಲಿಲ್ಲ.

ಗಾಡಿ ಸೀಟಿ ಹಾಕಿತು. ಆಕೆ ಹಿಡಿಕೆ ಬಿಟ್ಟಳು.

"ಹೋಗೂದಿಲ್ಲೇನು?"

"ಇಲ್ಲಪ್ಪ. ಗ್ವಾಣಿ ಹೊರಸು."

ಪೋಚಪ್ಪ ಎತ್ತಿ ತಲೆಯ ಮೇಲಿಟ್ಟ. ಸೀಸದ ಭಾರಕ್ಕೆ ಕುತ್ತಿಗೆ ಒಮ್ಮೆ ತಗ್ಗಿ ನೆಟ್ಟಗಾಯಿತು. ಗಾಡಿ ಒಂದು ಕಡೆ ಹೊರಟಿತು, ಆಕೆ ಮನೂರಿನ ದಾರಿ ಹಿಡಿದಳು.