ಪಕ್ಕದ ಮನೆಯ ಸಾಹಸ ನಟ

ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕ ಒಂದು ಕಾಲಕ್ಕೆ ಹಾಲಿವುಡ್ ನಟ. ಟಿವಿ ಮನೆಮನೆಗೆ ಬರುವ ಮುಂಚೆ ಅಮೆರಿಕದ ಥಿಯೇಟರುಗಳಲ್ಲಿ ವಾರಕ್ಕೊಂದು ಕಂತಿನಂತೆ ಸಾಹಸ ಧಾರಾವಾಹಿ ತೋರಿಸುತ್ತಿದ್ದರಂತೆ. ಅಂಥವು ಮುಗಿಯುತ್ತ ಬಂದ ಕಾಲದಲ್ಲಿ, ಮೀಸೆ ಮೂಡುವ ವಯಸ್ಸಿನ ಇವನು ನಾಯಕನ ಗೆಳೆಯನಾಗಿ ಕುದುರೆಯ ಮೇಲಿಂದ ರೈಲಿಗೆ ಹಾರಿದ್ದ. ಆಮೇಲೆ ಟಿವಿ ಬಂತು, ಕೆಲಸ ಹೋಯಿತು. ಈ ಊರಿನ ನರ್ಸ್ ಒಬ್ಬಳನ್ನು ಮದುವೆಯಾಗಿ ಇಲ್ಲಿಗೆ ಬಂದು ಬಡಗಿಯಾದ.

ನಾನೂ ನಟಿಯೇ. ಬೆಂಗಳೂರಿನ ಟಿವಿ ಧಾರಾವಾಹಿಯೊಂದರಲ್ಲಿ ಎರಡನೇ ಸೊಸೆಯಾಗಿ ವರ್ಷಗಟ್ಟಲೆ ಅತ್ತವಳು. ತರಕಾರಿ ಕೊಳ್ಳಲು ಹೋದರೆ ಹೆಂಗಸರು ಕೈಹಿಡಿದು ಸಮಾಧಾನ ಹೇಳುತ್ತಿದ್ದರು. ಇಲ್ಲಿ ಅದನ್ನು ಕೇಳುವವರಿಲ್ಲ. ನನ್ನ ಮಗಳೇ ಒಂದು ಕಂತನ್ನೂ ಪೂರ್ತಿ ನೋಡಿಲ್ಲ. ಸ್ಕೂಲ್‌ಬ್ಯಾಗ್ ಎಸೆದವಳೇ ಮುದುಕನ ಮನೆಗೆ ಓಡುತ್ತಿದ್ದಳು.

"ಅಮ್ಮಾ, ಹಿ ವಾಸ್ ಎ ರಿಯಲ್ ಆ್ಯಕ್ಟರ್!"

"ಮತ್ತೆ ನಾನೇನು ಸುಳ್ಳು ಆ್ಯಕ್ಟರಾ?"

"ಯೂ ಜಸ್ಟ್ ಕ್ರೈಡ್, ಅಮ್ಮಾ."

ಅವಳು ಎಸೆದಿದ್ದ ಬ್ಯಾಗನ್ನು ಎತ್ತಿ ನಾನೂ ಒಮ್ಮೆ ಎಸೆದೆ.

ಲೈಬ್ರರಿಯವರು ಅವನನ್ನು ಭಾಷಣಕ್ಕೆ ಕರೆದಾಗ, ಕಾರಿನಲ್ಲಿ ಕರೆದೊಯ್ಯುವ ಕೆಲಸವೂ ನನ್ನ ತಲೆಗೇ ಬಂತು. ಮಗಳು ಗೆಳತಿಯರ ಜೊತೆ ಮೊದಲೇ ಹೋಗಿದ್ದಳು. ದಾರಿಯಲ್ಲಿ ಮುದುಕ ಕೇಳಿದ:

"ನೀನೂ ಧಾರಾವಾಹಿಯವಳಂತೆ. ನಿನ್ನನ್ನ ಹೇಗೆ ಸಾಯಿಸಿದ್ರು?"

ಇಲ್ಲಿ ನನ್ನನ್ನು ಇಂಥದ್ದು ಕೇಳಿದವನು ಅವನೊಬ್ಬನೇ. ಖುಷಿಯಾಗಿ ಹೇಳಿಬಿಟ್ಟೆ: "ಸಾಯಿಸಲಿಲ್ಲ ಅಂಕಲ್. ಏರ್‌ಪೋರ್ಟಿಗೆ ಧಾರಾವಾಹಿಯ ಗಂಡನೂ ಬರಲಿಲ್ಲ, ನನ್ನ ಪಾತ್ರಾನ ದುಬೈಗೆ ಕಳಿಸಿದ್ರು. ನನ್ನ ನಿಜವಾದ ಮದುವೆಗೆ ರಜೆ ಕೇಳಿದ್ದೆ, ಅದಕ್ಕೆ."

ಅವನು ಕೆಮ್ಮು ಬರುವಷ್ಟು ನಕ್ಕ. ನನ್ನ ಮನಸ್ಸು ಸ್ವಲ್ಪ ತಣ್ಣಗಾಯಿತು.

ಸಭೆಯಲ್ಲಿ ಕುದುರೆ, ರೈಲಿನ ಕಥೆಯನ್ನು ಜನ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಯಾರೋ, ನಟನೆ ಬಿಟ್ಟದ್ದೇಕೆ ಎಂದರು.

"ಮದುವೆಗೆ ರಜೆ ಕೇಳಿದೆ," ಎಂದ ಮುದುಕ. "ಮುಂದಿನ ಕಂತಿನಲ್ಲಿ ನನ್ನನ್ನ ಅಲಾಸ್ಕಾಗೆ ಕಳಿಸಿಬಿಟ್ರು." ಸ್ವಲ್ಪ ತಡೆದು, "ಸ್ಟೇಷನ್‌ಗೆ ನನ್ನ ಕುದುರೆ ಕೂಡ ಬರಲಿಲ್ಲ," ಎಂದ.

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ನನ್ನ ಮಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ನನ್ನ ಪಾಲಿನ ಚಪ್ಪಾಳೆ!

ವಾಪಸ್ ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದಳು. ನಾನು ತಡೆಯಲಾರದೆ ಹೇಳಿದೆ: "ಅಂಕಲ್, ಅದು ನನ್ನ ಕಥೆ."

"ಗೊತ್ತು. ನೀನು ಹೇಳಿದ ರೀತಿ ಸರಿಯಿರಲಿಲ್ಲ. ಯಾರೂ ಬರಲಿಲ್ಲ ಅನ್ನೋದನ್ನ ಕೊನೆಗೆ ಇಟ್ಟುಕೋಬೇಕು."

ಮುಂದಿನ ತಿಂಗಳು ಹತ್ತಿರದ ಊರು ಪೊರಿರುವಾದ ಲೈಬ್ರರಿಯವರೂ ಅವನನ್ನು ಕರೆದರು. ಮತ್ತೆ ನಾನೇ ಕಾರು ಓಡಿಸಿದೆ, ಮತ್ತೆ ಅದೇ ಕಥೆ. ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಹಾಳಾದವನು, ಕುದುರೆಯ ಮಾತಿಗೆ ಮುಂಚೆ ಎಷ್ಟು ಚೆನ್ನಾಗಿ ತಡೆದ!