ಹಂಡ್ಯಾ ಕೂಳು ಬಿಟ್ಟ ನಾಲ್ಕನೆಯ ರಾತ್ರಿ

ಇದು ನಡೆದದ್ದು. ಬಬಲೇಶ್ವರದ ನಮ್ಮ ಮನೆಯಲ್ಲಿ, ಅರವತ್ತನೆಯ ಇಸವಿಯ ಆಚೀಚೆ, ನನ್ನ ಮದುವೆಯಾಗಿ ಎರಡು ವರ್ಷವಾಗಿದ್ದಾಗ. ನಡೆದದ್ದರ ಬಗ್ಗೆ ನನಗೆ ಸಂಶಯವಿಲ್ಲ. ಅದನ್ನು ಇಷ್ಟು ವರ್ಷ ಇಟ್ಟುಕೊಂಡಿರುವ ನೆನಪಿನ ಬಗ್ಗೆ ಇದೆ. ಕೇಳಿದಾಗಲೆಲ್ಲ ಅದು ಎಲ್ಲವನ್ನೂ ಇನ್ನಷ್ಟು ಒಪ್ಪವಾಗಿ ಜೋಡಿಸಿ ಕೊಡುತ್ತದೆ…

ನನ್ನ ಗಂಡ ಸಿಂಪಿಗ. ವಾರಕ್ಕೊಮ್ಮೆ ಹೊಲಿದ ಅಂಗಿ, ಕುಪ್ಪಸಗಳ ಗಂಟು ಹೊತ್ತು ಸಾರವಾಡಕ್ಕೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತು ಹಂಡ್ಯಾ. ಕಪ್ಪು ಬಿಳುಪು ಮಚ್ಚೆಯ ಗಂಡುನಾಯಿ. ಹಂಚಿನಿಂದ ಕೊನೆಗೆ ಇಳಿಯುವ ರೊಟ್ಟಿ ಅದರದು. ಇವರೇ ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಇಡಬೇಕು. ನಾನಿಟ್ಟರೆ ಮೂಸಿ, ಇವರ ದಾರಿ ನೋಡುತ್ತ ಕೂಡುತ್ತಿತ್ತು.

ಒಂದು ವಾರ ಇವರಿಗೆ ಬಸ್ಸು ತಪ್ಪಿತು. ಬೆಳಗಿನ ಜಾವ ನಡೆದು ಬಂದರು. ಹಿಂದಿನ ಸಂಜೆ ಮಳೆಯಾಗಿತ್ತು. ದಾರಿಯುದ್ದಕ್ಕೂ ಎರೆಮಣ್ಣು, ಹೆಜ್ಜೆಗೊಂದು ಸೇರು ಅಂಟುವಂಥದ್ದು. ಆದರೆ ಇವರ ಕಾಲು ಸ್ವಚ್ಛವಾಗಿದ್ದವು. ಎಲ್ಲೋ ತೊಳೆದುಕೊಂಡಿರಬಹುದು. ಅಥವಾ ನಾನು ಆಗ ಕಾಲು ನೋಡಿಯೇ ಇರಲಿಲ್ಲ. ಆಮೇಲೆ ಬಂದ ಸಂಶಯವೇ ಅವನ್ನು ತೊಳೆದಿರಬಹುದು.

ಹಂಡ್ಯಾ ಎದ್ದು ಬರಲಿಲ್ಲ. ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ಪರವೂರಿನವರನ್ನು ನೋಡುವ ಹಾಗೆ ಒಮ್ಮೆ ನೋಡಿ, ಕಾಳಿನ ಕಣಜದ ಹಿಂದೆ ಸರಿಯಿತು. ಆ ದಿನ ರೊಟ್ಟಿ ಮುಟ್ಟಲಿಲ್ಲ.

ನಾಯಿ ಒಂದು ಹೊತ್ತು ಕೂಳು ಬಿಡುವುದು ದೊಡ್ಡದಲ್ಲ. ಬಿಸಿಲಿಗೆ ಬಿಡುತ್ತದೆ. ಹೊಟ್ಟೆ ಕೆಟ್ಟರೆ ಹುಲ್ಲು ತಿಂದು ಕಕ್ಕುತ್ತದೆ. ಹೆಣ್ಣುನಾಯಿಯ ಬೆನ್ನು ಹತ್ತಿದರೆ ಕೂಳೇ ಬೇಡ. ಮರುದಿನ ಬಾಯಿ ತೆರೆದು, ಒಸಡಿಗೆ ಎಲುಬಿನ ಚೂರೇನಾದರೂ ಸಿಕ್ಕಿದೆಯೇ ಎಂದು ನೋಡಿದೆ. ಇರಲಿಲ್ಲ. ಕಿವಿ ಬಿಸಿಯಿಲ್ಲ. ಮೂಗು ತಣ್ಣಗೆ, ಒದ್ದೆ. ಹೊಟ್ಟೆ ಅದುಮಿದರೂ ನರಳಲಿಲ್ಲ. ನನ್ನ ಕೈ ನೆಕ್ಕಿತು. ಅಷ್ಟರಲ್ಲಿ ಅಂಗಳದಿಂದ ಇವರ ಕೆಮ್ಮು ಕೇಳಿತು… ಬಾಲ ಕಾಲೊಳಗೆ ಹೋಯಿತು.

ಪಕ್ಕದ ಮನೆಯ ಹುಸೇನಬಿ ಗೋಡೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. “ನಿನ್ನ ಗಂಡ ಸಾರವಾಡದಾಗ ಬ್ಯಾರೆ ನಾಯಿ ಮುದ್ದು ಮಾಡಿ ಬಂದಾನೇನ ನೋಡ ಬೇ. ವಾಸನಿ ಹತ್ತೇತಿ ಇದಕ್ಕ.”

“ನಾಯಿನೋ, ನಾಯಿ ಸಾಕಿದಾಕಿನೋ?” ಎಂದೆ.

ಇಬ್ಬರೂ ನಕ್ಕೆವು. ಸಂಶಯ ಅದೊಂದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ನಾಲ್ಕನೆಯ ದಿನ ಅತ್ತೆ ಸರಪಳಿ ಹಾಕಿಸಿದರು. “ಹುಚ್ಚ ಹಿಡಿಯೂ ಮುಂದ ನಾಯಿ ಹಿಂಗ ಮಾಡ್ತೈತಿ. ಕೂಳ ಬಿಟ್ಟೈತಿ, ಕತ್ತಲಾಗ ಹೋಗಿ ಕುಂತೈತಿ. ಕಡಿಯೂತನಾ ಕಾಯ್ತೀಯೇನ?”

ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ ಎಂಬುದು ಊರಿನ ಪರೀಕ್ಷೆ. ಪರಾತದಲ್ಲಿ ನೀರು ತಂದು ಇವರೇ ಮುಂದಿಟ್ಟರು. ಹಂಡ್ಯಾ ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಿತು. ಓಣಿಯವರೆಲ್ಲ ನೀರನ್ನು ನೋಡಿದರು. ಇಟ್ಟ ಕೈ ಯಾರದೆಂದು ಯಾರೂ ಎಣಿಸಲಿಲ್ಲ.

“ಮುಂಜಾನಿತನಾ ನೋಡೂಣು,” ಎಂದರು ಇವರು, ಮೆತ್ತಗೆ. “ನೀರ ಮುಟ್ಟಲಿಲ್ಲಂದ್ರ ಓಣಿ ಮಂದಿ ಬಡಿಗಿ ತರ್ತಾರ.”

ಮರಿಯಿದ್ದಾಗ ಅದನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ತಂದವರು ಇವರೇ. ಈ ಮಾತು ಆಡುವಾಗ ಧ್ವನಿ ಒಂದಿಷ್ಟೂ ಅಲುಗಲಿಲ್ಲ.

ಎಲ್ಲರೂ ಮಲಗಿದ ಮೇಲೆ ನಾನು ಪಡಸಾಲೆಗೆ ಬಂದೆ. ಸರಪಳಿ ಬಿಚ್ಚಿದೆ. ಹೊಸ ನೀರು, ಮಜ್ಜಿಗೆ ರೊಟ್ಟಿ ಇಟ್ಟೆ. ಮುಖ ತಿರುಗಿಸಿತು. ಕಂದೀಲು ಉರಿಯುತ್ತಿತ್ತು ಎಂದು ಒಂದು ನೆನಪು. ಎಣ್ಣೆ ಮುಗಿದಿತ್ತು ಎಂದು ಇನ್ನೊಂದು. ಅತ್ತೆಯ ಗೊರಕೆ ಮಾತ್ರ ಎರಡರಲ್ಲೂ ಇದೆ.

ಹಂಡ್ಯಾನ ಕಿವಿ ನೆಟ್ಟಗಾದವು.

ಬಾಲ ನೆಲಕ್ಕೆ ಬಡಿಯಿತು. ಟಪ್… ಟಪ್… ನಾಲ್ಕು ದಿನದಲ್ಲಿ ಮೊದಲ ಸಲ. ಎದ್ದು ಬಾಗಿಲಿಗೆ ಹೋಗಿ ಸಂದಿಗೆ ಮೂಗು ಇಟ್ಟು, ಸಣ್ಣಗೆ ಕುಂಯ್‌ಗುಟ್ಟಿತು. ಆ ಸದ್ದನ್ನು ಅದು ಒಬ್ಬರಿಗಾಗಿ ಮಾತ್ರ ಮಾಡುತ್ತಿತ್ತು.

ಹೊರಗಿನಿಂದ… “ಹಂಡ್ಯಾ…”

ಅತ್ತೆಯಿರುವ ಮನೆಯಲ್ಲಿ ಹೆಂಡತಿಯನ್ನು ಕೂಗಿ ಕರೆಯುವ ರೂಢಿ ಆಗ ಇರಲಿಲ್ಲ. ತಡವಾಗಿ ಬಂದಾಗ ಇವರು ನಾಯಿಯನ್ನು ಕರೆಯುತ್ತಿದ್ದರು. ನಾನು ಎದ್ದು ಅಗಳಿ ತೆಗೆಯುತ್ತಿದ್ದೆ.

ತಿರುಗಿ ನೋಡಿದೆ. ಒಳಕೋಣೆಯಲ್ಲಿ ಇವರ ಕಂಬಳಿ ಏರುತ್ತಿತ್ತು, ಇಳಿಯುತ್ತಿತ್ತು.

ಬಾಗಿಲ ಸಂದಿಯಿಂದ ಹೊಲಿಗೆ ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು. ವಿಜಾಪುರದಿಂದ ತಂದ ಯಂತ್ರ ಪಡಸಾಲೆಯಲ್ಲೇ ಇತ್ತು. ವಾಸನೆ ಅದರದೂ ಇರಬಹುದು.

“ಹಂಡ್ಯಾ…” ಬಹಳ ದೂರ ನಡೆದು ದಣಿದ ಧ್ವನಿ.

ರಾತ್ರಿ ಮೂರನೆಯ ಸಲ ಕರೆಯುವವರೆಗೆ ಓಗೊಡಬಾರದು, ಬಾಗಿಲು ತೆಗೆಯಬಾರದು. ತವರಿನಲ್ಲೂ ಇಲ್ಲೂ ಹಾಗೇ ಕಲಿಸಿದ್ದರು. ಮನುಷ್ಯರಾದರೆ ಮೂರನೆಯ ಸಲ ಕರೆಯುತ್ತಾರಂತೆ. ಅಗಳಿಯ ಮೇಲೆ ಕೈಯಿಟ್ಟು ಕಾದೆ.

ಮೂರನೆಯ ಕರೆ ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಂತೆ: “ಉಣ್ಣ ಮಗನ…”

ಹಂಡ್ಯಾ ತಿರುಗಿ ಬಂದು ರೊಟ್ಟಿ ತಿಂದಿತು. ಚೂರೂ ಬಿಡದೆ. ಪರಾತದ ನೀರು ತಳದವರೆಗೆ ಲೊಳಲೊಳನೆ ಕುಡಿಯಿತು. ಹೊರಗೆ ಕೆಸರು ಮೆತ್ತಿದ ಭಾರದ ಕಾಲುಗಳು… ಒಂದೊಂದಾಗಿ ಕಿತ್ತಿಟ್ಟು… ದೂರವಾದವು.

ನಾನು ಬಾಗಿಲು ತೆಗೆಯಲಿಲ್ಲ.

ಮುಂಜಾನೆ ಓಣಿಯವರು ಬಡಿಗೆ ಊರಿಕೊಂಡು ಬಂದು, ಖಾಲಿ ಪರಾತ ನೋಡಿ ಹೋದರು. ಇವರು ಹೊಸ್ತಿಲಲ್ಲಿ ಹಲ್ಲುಜ್ಜುತ್ತ ಕೇಳಿದರು, “ರಾತ್ರಿ ಯಾರರ ಬಂದಿದ್ರೇನು?”

“ಯಾರೂ ಇಲ್ರಿ.”

“ಛಲೋ ಆತು,” ಎಂದರು.

ಹಂಡ್ಯಾ ಅಂದಿನಿಂದ ನನ್ನ ಕೈಯಲ್ಲಿ ಉಂಡಿತು, ಇವರ ಕೈಯಲ್ಲಿ ಸಾಯುವವರೆಗೂ ಉಣ್ಣಲಿಲ್ಲ. ನಾಯಿಗೂ ತಪ್ಪು ತಿಳಿಯಬಹುದು. ಹಾಗಂದುಕೊಂಡೇ ಮೂರು ಮಕ್ಕಳನ್ನು ಹೆತ್ತೆ. ಇವರು ಒಳ್ಳೆಯವರಾಗಿದ್ದರು. ಒಂದು ದಿನವೂ ಕೈ ಎತ್ತಲಿಲ್ಲ, ಒಂದು ಹಬ್ಬಕ್ಕೂ ನನಗೆ ಕುಪ್ಪಸ ತಪ್ಪಿಸಲಿಲ್ಲ.

ಇವರು ತೀರಿಕೊಂಡ ದಿನ ತಲೆಯ ಹತ್ತಿರ ಕೂತು ನಾನು ಬಹಳ ಅತ್ತುಬಿಟ್ಟೆ. ಯಾರಿಗಾಗಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ…