ಹುಣಸೆಹಣ್ಣಿನಲ್ಲಿ ಉಜ್ಜಿದ ಕಡಲ ಕಲ್ಲು

ಅಕ್ಕನ ಗಂಡ ಮದ್ರಾಸಿನ ಸರಕು ಹಡಗೊಂದರಲ್ಲಿ ಎಂಜಿನ್ ಕೆಲಸಕ್ಕಿದ್ದ. ವರ್ಷಕ್ಕೊಂದೆರಡು ಸಲ ಬಂದರೆ ಹೆಚ್ಚು. ಮದುವೆಯಾದ ಮೇಲೂ ಅಕ್ಕ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಉಳಿದಿದ್ದಳು. ಅಮ್ಮ ನೇಯುವಾಗ ಅವಳು ಪಕ್ಕದಲ್ಲಿ ಕೂತು ಲಾಳಿಗೆ ನೂಲು ಸುತ್ತುತ್ತಿದ್ದಳು. ಬೂದಿಗೆರೆಯ ಅತ್ತೆಮನೆಯವರು, ಗಂಡ ಬಂದಾಗ ಬಾ ಎಂದಿದ್ದರು. ಅವನು ಬಂದಾಗಲೆಲ್ಲ ಅಕ್ಕ ಕೇಳುತ್ತಿದ್ದದ್ದು ಒಂದೇ: ಮದ್ರಾಸಿನಲ್ಲಿ ಒಂದು ಕೋಣೆಯಾದರೂ ಸರಿ, ಮನೆ ಮಾಡು.

ಎಪ್ಪತ್ತರ ದಶಕದ ಒಂದು ಶ್ರಾವಣದಲ್ಲಿ ಭಾವ ಗಾಜಿನ ಪೆಟ್ಟಿಗೆಯೊಂದನ್ನು ತಂದ. ಜೊತೆಗೆ ಡಬ್ಬಗಳಲ್ಲಿ ಕಡಲ ನೀರು, ಒದ್ದೆ ಗೋಣಿಯಲ್ಲಿ ಸುತ್ತಿದ ಕಲ್ಲುಗಳು, ಗಾಳಿಯ ಗುಳ್ಳೆ ಎಬ್ಬಿಸುವ ಪುಟ್ಟ ಮೋಟಾರು. ಅಗಲ ಬಾಯಿಯ ಸೀಸೆಯೊಳಗೆ ಒಂದೇ ಒಂದು ಮೀನು, ನನ್ನ ಕಿರುಬೆರಳಿನಷ್ಟು ಉದ್ದದ್ದು. ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಬಳ್ಳಿಗಳು. ಹೆಸರು ಮ್ಯಾಂಡರಿನ್ ಎಂದ. ಸಿಂಗಾಪುರದಲ್ಲಿ ಜನ ಹೀಗೆಯೇ ಕಲ್ಲು ಜೋಡಿಸಿ ಕಡಲನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಾರಂತೆ. ಅಮ್ಮ ಮಗ್ಗದಿಂದ ಎದ್ದು ಬಂದು ಬಗ್ಗಿ ನೋಡಿದಳು.

"ಈ ಬಣ್ಣಕ್ಕೆ ಸೆರಗು ನೇಯ್ದ್ರೆ ಯಾರೂ ನಂಬಲ್ಲ ಕಣಪ್ಪಾ," ಎಂದಳು.

ಸಾಕುವ ಕ್ರಮವನ್ನು ಭಾವ ಅಕ್ಕನಿಗೆ ಹೇಳಿಕೊಟ್ಟ. ನೀರು ಆರಿದರೆ ಉಪ್ಪು ಆರುವುದಿಲ್ಲ, ಆದ್ದರಿಂದ ಗಾಜಿನ ಮೇಲಿನ ಗೆರೆಯವರೆಗೆ ಮಳೆನೀರನ್ನಷ್ಟೇ ತುಂಬಬೇಕು. ಊಟ ಹಾಕಬೇಕಾಗಿಲ್ಲ. ಕಲ್ಲಿನ ಮೇಲಿನ ಹಸಿರು, ಕೆಂಪು ಲೋಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿವೆ, ಮೀನು ಅವನ್ನೇ ಹೆಕ್ಕಿ ತಿನ್ನುತ್ತದೆ. ಕಲ್ಲು ಮಾತ್ರ ಮುಟ್ಟಕೂಡದು.

ಹೊರಡುವಾಗ ಅಕ್ಕ ಮತ್ತೆ ಮನೆಯ ಮಾತೆತ್ತಿದಳು. ಭಾವ ಚಪ್ಪಲಿ ಮೆಟ್ಟಿಕೊಳ್ಳುತ್ತ ನಕ್ಕ.

"ನಾನು ಬರೋವರ್ಗೂ ಇದನ್ನ ಉಳಿಸ್ಕೋ. ಮದ್ರಾಸಲ್ಲಿ ಮನೆ ಮಾಡೋಣ. ಇಷ್ಟು ಸಣ್ಣ ಜೀವ ಸಾಕಕ್ಕಾಗ್ದೇ ಇದ್ರೆ ಮನೆ ಏನು ನಡೆಸ್ತೀಯಾ?"

ಅಮ್ಮನೂ ನಕ್ಕಳು. ಅಕ್ಕ ನಗಲಿಲ್ಲ. ಅವಳು ಅದನ್ನು ಕೊಟ್ಟ ಮಾತೆಂದೇ ತೆಗೆದುಕೊಂಡಳು.

ಅಂದಿನಿಂದ ಅವಳ ದಿನ ಆ ಪೆಟ್ಟಿಗೆಯ ಸುತ್ತ ನಡೆಯಿತು. ಸೂರಿನ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದಳು. ಮಗ್ಗದ ಅದುರುವಿಕೆ ತಾಕದಂತೆ ಪೆಟ್ಟಿಗೆಯ ಕೆಳಗೆ ಹಳೆಯ ಕಂಬಳಿ ಮಡಿಸಿಟ್ಟಳು. ಮೀನು ಕೋಳಿಯ ಹಾಗೆ ಇಡೀ ದಿನ ಕಲ್ಲನ್ನು ಕುಕ್ಕುತ್ತಿತ್ತು. ನಾನು ಆಗ ದೇವನಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಸಂಜೆ ಬಸ್ಸಿಳಿದು ಬಂದರೆ ಅವಳ ಮೊದಲ ಪ್ರಶ್ನೆ, "ಹೊಟ್ಟೆ ನೋಡೋ, ತುಂಬಿದಂಗಿದೆಯಾ?" ನಾನು ನೋಡಿ ಹೇಳುತ್ತಿದ್ದೆ. ಮಹಾಲಯದ ಹೊತ್ತಿಗೆ ತಲೆಯ ಹಿಂದೆ ಮೈ ಸ್ವಲ್ಪ ಒಳಗೆ ಸರಿದಂತೆ ಕಂಡಿತು. ಅದನ್ನೂ ಹೇಳಿದೆ. ನೆರಳಿರಬೇಕು ಎಂದಳು.

ಆಯುಧಪೂಜೆಯ ಹಿಂದಿನ ದಿನ ಅಕ್ಕ ಬೂದಿಗೆರೆಗೆ ಹೋಗಿದ್ದಳು. ನೇಯುವವರ ಮನೆಗಳಲ್ಲಿ ಆ ಹಬ್ಬಕ್ಕೆ ಮಗ್ಗ ನಿಲ್ಲಿಸಿ, ಲಾಳಿ, ಕತ್ತರಿ, ತಕ್ಕಡಿ ಎಲ್ಲವನ್ನೂ ತೊಳೆದು ಕುಂಕುಮವಿಡುತ್ತಾರೆ. ಅಮ್ಮನ ಲೆಕ್ಕದಲ್ಲಿ ಕರೆಂಟಿನಲ್ಲಿ ಓಡುವುದೆಲ್ಲ ಆಯುಧವೇ. ಮೋಟಾರು ಓಡುತ್ತಿತ್ತು, ಆದ್ದರಿಂದ ಪೆಟ್ಟಿಗೆಗೂ ಪೂಜೆ ಸಲ್ಲಬೇಕಿತ್ತು. ಪೂಜೆಗೆ ಇಡುವ ವಸ್ತು ಪಾಚಿ ಹಿಡಿದಿರಬಾರದು. ಅಮ್ಮ ಮೀನನ್ನು ಅದರದೇ ನೀರಿನೊಂದಿಗೆ ಪಿಂಗಾಣಿ ಬೋಗುಣಿಗೆ ಇಳಿಸಿದಳು. ಕಲ್ಲುಗಳನ್ನು ಹಿತ್ತಲಿಗೆ ಒಯ್ದು, ನಲ್ಲೂರು ತೋಪಿನ ಹುಣಸೆಹಣ್ಣೂ ಒಲೆಬೂದಿಯೂ ಹಾಕಿ, ಮಧ್ಯಾಹ್ನವೆಲ್ಲ ಕೂತು ಉಜ್ಜಿದಳು. ನಾನು ಸಂಜೆ ಮನೆಗೆ ಬಂದಾಗ ಕಲ್ಲುಗಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಮೀನು ಪೆಟ್ಟಿಗೆಗೆ ಮರಳಿತ್ತು. ಗಾಜಿನ ಮೇಲೆ ಮೂರು ಕುಂಕುಮದ ಬೊಟ್ಟು, ಮೋಟಾರಿಗೆ ಚೆಂಡುಹೂವಿನ ಸರ.

ಹಬ್ಬದ ಬೆಳಿಗ್ಗೆ ಅಕ್ಕ ಬಂದಳು. ಹೊಸಿಲು ದಾಟಿ ಅಲ್ಲೇ ನಿಂತಳು.

"ಯಾವುದ್ರಲ್ಲಿ ಉಜ್ಜಿದೆ?"

"ದೇವ್ರ ಪಾತ್ರೆ ಉಜ್ಜೋ ಹಂಗೇ ಉಜ್ಜಿದೀನಿ ಕಣೇ. ಒಂದು ಚೂರು ಜಿಡ್ಡು ಬಿಟ್ಟಿಲ್ಲ, ನೋಡು."

ಅಮ್ಮನ ಮುಖದಲ್ಲಿ ಹೊಗಳಿಕೆಯ ನಿರೀಕ್ಷೆಯಿತ್ತು. ಇದನ್ನು ನಾನು ಸರಿಯಾಗಿ ನೆನಪಿಟ್ಟಿದ್ದೇನೆ. ಅಕ್ಕ ಒಳಗೆ ಹೋದಳು. ಆಮೇಲೆ ಅಮ್ಮನೊಂದಿಗೆ ಅವಳ ಮಾತು ನಿಂತುಹೋಯಿತು. ಏನಿದ್ದರೂ ನನ್ನ ಮೂಲಕ: "ಉಪ್ಪು ಮುಗಿದಿದೆ ಅಂತ ಅಮ್ಮಂಗೆ ಹೇಳು." ಅಮ್ಮ ಎದುರಿಗೇ ಕೂತಿರುತ್ತಿದ್ದಳು.

ಮೀನು ಬಿಳಿ ಕಲ್ಲನ್ನು ಕುಕ್ಕುತ್ತಲೇ ಇತ್ತು. ಅಕ್ಕ ಬಾವಿಯ ನೀರುಹುಳುಗಳನ್ನು ಬಟ್ಟೆಯಲ್ಲಿ ಹಿಡಿದು ಬಿಟ್ಟಳು. ಉಪ್ಪುನೀರಿಗೆ ಬಿದ್ದೊಡನೆ ಅವು ಸತ್ತು ತಳ ಸೇರಿದವು. ಸತ್ತದ್ದನ್ನು ಮೀನು ಮೂಸಲೂ ಇಲ್ಲ. ಮೊಟ್ಟೆಯ ಹಳದಿ ಹಾಕಿ ನೀರು ಕೆಡಿಸಿಕೊಂಡಳು. ಅಮ್ಮ ರೇಷ್ಮೆಗೂಡಿನ ಹುಳು ಒಣಗಿಸಿ ಪುಡಿ ಮಾಡಿ, ಒಂದು ಚಿಟಿಕೆಯನ್ನು ಎಲೆಯ ಮೇಲೆ ಹಾಕಿ ಪೆಟ್ಟಿಗೆಯ ಪಕ್ಕ ಇಟ್ಟುಹೋದಳು. ಅಕ್ಕ ಅದನ್ನು ಮುಟ್ಟಲಿಲ್ಲ. ಮತ್ತೊಂದು ದಿನ ಅಮ್ಮ ಕೆರೆಗೆ ಹೋಗಿ ಪಾಚಿ ಹಿಡಿದ ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಸೀರೆಯ ಮುಂಭಾಗವೆಲ್ಲ ನೆನೆದಿತ್ತು. ಅಕ್ಕ ಆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಬೀದಿಗೆ ಎಸೆದಳು.

"ಕೆರೆ ಕಲ್ಲು ಕಡಲಿಗಾಗಲ್ಲ ಅಂತ ಹೇಳು," ಎಂದಳು ನನಗೆ.

ಕಾರ್ತಿಕದಲ್ಲಿ ಮೀನು ಸತ್ತಿತು. ಬಣ್ಣ ಕೊನೆಯವರೆಗೂ ಮಾಸಲಿಲ್ಲ. ಹೊಟ್ಟೆಯಿದ್ದ ಜಾಗ ಮಾತ್ರ ಕಾಗದದಷ್ಟು ತೆಳ್ಳಗಾಗಿತ್ತು. "ಅಮ್ಮನೇ ನನ್ನ ಬಾಳು ಉಜ್ಜಿ ಹಾಕಿದ್ಲು" ಎಂದು ಅಕ್ಕ ನನ್ನ ಮುಂದೆ ಹೇಳಿದಳು, ಅಮ್ಮನಿಗೆ ಕೇಳುವ ಹಾಗೆ. ಆ ದಿನ ಮಗ್ಗದ ಸದ್ದು ಒಮ್ಮೆಯೂ ನಿಲ್ಲಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಭಾವ ಬಂದ. ಊಟಕ್ಕೆ ಕೂತಿದ್ದ. ಅಕ್ಕ ಬಡಿಸುತ್ತ, ಮೊದಲೇ ಸಿದ್ಧಮಾಡಿಕೊಂಡಿದ್ದಂತೆ ಒಂದೇ ಉಸಿರಿನಲ್ಲಿ ಹೇಳಿದಳು: ಮೀನು ಉಳಿಯಲಿಲ್ಲ, ತಾನು ಕಲ್ಲು ಮುಟ್ಟಿರಲಿಲ್ಲ, ತನ್ನ ತಪ್ಪಲ್ಲ.

"ಯಾವ ಮೀನು? ಓ, ಅದಾ," ಎಂದ ಭಾವ. "ಅದು ಸಾಯೋದೇ. ಇಷ್ಟು ಸಣ್ಣ ಪೆಟ್ಟಿಗೇಲಿ ಉಳಿಯಲ್ಲ ಅಂತ ಅಂಗಡಿಯವನೇ ಅಂದಿದ್ದ. ಕಲ್ಲಲ್ಲಿರೋ ಹುಳ ಎರಡು ತಿಂಗ್ಳಿಗೆ ತಿಂದು ಮುಗಿಸ್ಬಿಡುತ್ತೆ. ಆಮೇಲೆ ಉಪವಾಸ."

"ಕೊಟ್ಟು ಹೋಗ್ವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ನಿಂಗೂ ಒಂದಷ್ಟು ಹೊತ್ತು ಹೋಗ್ಲಿ ಅಂತ ತಂದೆ. ಸಾರು ಹಾಕು."

ಅಮ್ಮ ಕಲ್ಲು ಉಜ್ಜುವ ಮೊದಲೇ, ಮಹಾಲಯದ ಹೊತ್ತಿಗೆ ಕಂಡ ಆ ನೆರಳು ನನಗೆ ನೆನಪಾಯಿತು. ಅಕ್ಕನಿಗೂ ನೆನಪಾಗಿರಬೇಕು, ನನ್ನತ್ತ ನೋಡಿದಳು. ಸಾರು ಹಾಕಿದಳು, ಮಜ್ಜಿಗೆ ಹಾಕಿದಳು, ಅವನು ಎದ್ದ ಮೇಲೆ ಎಲೆ ತೆಗೆದಳು. ಮದ್ರಾಸಿನ ಮಾತು ಅವನು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಆಮೇಲೆ ಹಿತ್ತಲಿಗೆ ಹೋದಳು. ಅಮ್ಮ ಕಲ್ಲಿನ ಮೇಲೆ ಕೂತು ಪಾತ್ರೆ ಉಜ್ಜುತ್ತಿದ್ದಳು. ಅಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು ಒಂದು ಚೊಂಬು ಎಳೆದುಕೊಂಡಳು.

"ಅಮ್ಮಾ, ಆ ಹುಣಸೆಹಣ್ಣು ಇತ್ಲಾಗೆ ಕೊಡು."

ಅಮ್ಮ ತಲೆ ಎತ್ತಲಿಲ್ಲ.

"ನಂಗ್ಯಾಕೆ ಹೇಳ್ತೀಯಾ? ನಿನ್ ತಮ್ಮ ಬಾಗ್ಲಲ್ಲೇ ನಿಂತವ್ನಲ್ಲ, ಅವನ ಕೈಲಿ ಹೇಳ್ಸು."

ಅಕ್ಕ ಕೈ ಚಾಚಿಕೊಂಡೇ ಕೂತಿದ್ದಳು. ಅಮ್ಮ ತನ್ನ ಪಾತ್ರೆಗಳನ್ನೆಲ್ಲ ಉಜ್ಜಿ, ತೊಳೆದು, ಬೋರಲು ಹಾಕಿ, ಉಳಿದ ಹುಣಸೆಹಣ್ಣಿನ ಮುದ್ದೆಯನ್ನು ಅವಳ ಕೈಗೆ ಕೊಡದೆ ನೆಲದ ಮೇಲಿಟ್ಟು ಒಳಗೆ ಹೋದಳು.